18 ವರ್ಷದ ಹುಡುಗ 19 ದಾಟಿದವರ ಗುಂಪಿನಲ್ಲಿ ಗೆದ್ದದ್ದು ಹೇಗೆ? ವಿಶ್ವ ರಸ್ತೆ ಸೈಕ್ಲಿಂಗ್‌ನ ವಯಸ್ಸಿನ ಲೆಕ್ಕ

ಇಟಲಿಯ ಲೊರೆಂಜೊ ಫಿನ್ 2024ರಲ್ಲಿ ಜ್ಯೂರಿಕ್‌ನಲ್ಲಿ ಜೂನಿಯರ್ ವಿಶ್ವ ಚಾಂಪಿಯನ್ ಆದ. ಮರುವರ್ಷ ಸೆಪ್ಟೆಂಬರ್‌ನಲ್ಲಿ ರುವಾಂಡಾದ ಕಿಗಾಲಿಯಲ್ಲಿ 23 ವರ್ಷದೊಳಗಿನವರ ರೇಸ್ ಗೆದ್ದ. ಆ ಗುಂಪು 19ರಿಂದ 22 ವರ್ಷದವರದ್ದು. ಆದರೆ ಗೆದ್ದ ದಿನ ಅವನಿಗೆ ಇನ್ನೂ 18!

ಇದರಲ್ಲಿ ಮೋಸ ಏನೂ ಇಲ್ಲ. ಅಂತರರಾಷ್ಟ್ರೀಯ ಸೈಕ್ಲಿಂಗ್ ಸಂಸ್ಥೆ ಯುಸಿಐ ಹುಟ್ಟಿದ ದಿನ ನೋಡಲ್ಲ, ಹುಟ್ಟಿದ ವರ್ಷ ನೋಡುತ್ತೆ. ಫಿನ್ ಹುಟ್ಟಿದ್ದು 2006ರ ಡಿಸೆಂಬರ್‌ನಲ್ಲಿ. 2025ರಿಂದ 2006 ಕಳೆದರೆ 19, ಅಷ್ಟೇ ಲೆಕ್ಕ. ಜನವರಿಯಲ್ಲಿ ಹುಟ್ಟಿದವನೂ ಡಿಸೆಂಬರ್‌ನಲ್ಲಿ ಹುಟ್ಟಿದವನೂ ಒಂದೇ ಗುಂಪು. ಹರೆಯದಲ್ಲಿ ಹನ್ನೊಂದು ತಿಂಗಳ ವ್ಯತ್ಯಾಸ ಸಣ್ಣದಲ್ಲ. ರಾಜ್ಯದ ಸೈಕ್ಲಿಂಗ್ ಪಟುಗಳಲ್ಲಿ ದೊಡ್ಡ ಪಾಲು ವಿಜಯಪುರ, ಬಾಗಲಕೋಟೆ ಕಡೆಯವರೇ ಆದ್ದರಿಂದ ನಮ್ಮ ಪಾಲಕರು ಇದನ್ನು ತಿಳಿದಿರುವುದು ಒಳ್ಳೆಯದು. ಮಗ ವರ್ಷದ ಕೊನೆಗೆ ಹುಟ್ಟಿದ್ದರೆ, ಜೂನಿಯರ್ ಮಟ್ಟದಲ್ಲಿ ಹಿಂದೆ ಬಿದ್ದ ಮಾತ್ರಕ್ಕೆ ಸೈಕಲ್ ಬಿಡಿಸಬೇಡಿ.

ಗುಂಪುಗಳು ಮೂರು. 17-18ರವರು ಜೂನಿಯರ್, 19ರಿಂದ 22ರವರೆಗೆ 'ಅಂಡರ್ 23', ಅದರ ಮೇಲೆ ಎಲೈಟ್. ಪುರುಷರ ಅಂಡರ್ 23ರಲ್ಲಿ ಇನ್ನೊಂದು ಷರತ್ತಿದೆ: ದೊಡ್ಡ ವೃತ್ತಿಪರ ತಂಡಗಳ ಜೊತೆ ಒಪ್ಪಂದ ಮಾಡಿಕೊಂಡವರಿಗೆ 2025ರಿಂದ ಅಲ್ಲಿ ಪ್ರವೇಶ ಇಲ್ಲ. ಮಹಿಳೆಯರ ಅಂಡರ್ 23ಕ್ಕೆ ಪ್ರತ್ಯೇಕ ರೇಸ್ ಸಿಕ್ಕಿದ್ದೇ ಕಿಗಾಲಿಯಲ್ಲಿ. ಅದಕ್ಕೂ ಮೊದಲು ಅವರು ಎಲೈಟ್ ಮಹಿಳೆಯರ ಜೊತೆಗೇ ಓಡಿಸಬೇಕಿತ್ತು, ಅದೇ ರೇಸಿನಲ್ಲಿ ಅವರ ಪದಕ ಬೇರೆ ಎಣಿಸುತ್ತಿದ್ದರು.

ಕಿಗಾಲಿಯಲ್ಲಿ ಜೂನಿಯರ್ ಹುಡುಗಿಯರಿಗೆ ಇದ್ದದ್ದು 74 ಕಿ.ಮೀ., ಅಂದ್ರೆ ವಿಜಯಪುರದಿಂದ ಬಾಗಲಕೋಟೆಗೆ ಹೋದ ಹಾಗೆ, ಸ್ವಲ್ಪ ಕಡಿಮೆ. ಜೂನಿಯರ್ ಹುಡುಗರಿಗೆ 119.3, ಎಲೈಟ್ ಮಹಿಳೆಯರಿಗೆ 164.6. ಎಲೈಟ್ ಪುರುಷರಿಗೆ ಒಂದೇ ದಿನಕ್ಕೆ 267.5 ಕಿ.ಮೀ.! ನಮ್ಮ ಬಯಲು ಸೀಮೆ ರಸ್ತೆ ಅಲ್ಲ ಅದು. ಊರೇ ಸಮುದ್ರಮಟ್ಟದಿಂದ ಸುಮಾರು 1,500 ಮೀಟರ್ ಎತ್ತರದಲ್ಲಿದೆ, ಏರುಗಳನ್ನೆಲ್ಲ ಕೂಡಿಸಿದರೆ ಮತ್ತೆ 5,475 ಮೀಟರ್ ಹತ್ತಬೇಕು. ಅದರಲ್ಲಿ ಕಲ್ಲು ಹಾಸಿದ ಏರೂ ಉಂಟು. ಕೊನೆ ಮುಟ್ಟಿದವರು 30 ಮಂದಿ ಮಾತ್ರ, ಮೊದಲು ಬಂದವನು ಸ್ಲೊವೇನಿಯಾದ ತಾದೆಯ್ ಪೊಗಾಚರ್. ಗೆದ್ದವರಿಗೆ ಬಿಳಿ ಬಣ್ಣದ, ಎದೆಗೆ ಐದು ಬಣ್ಣದ ಪಟ್ಟಿ ಇರುವ ಜರ್ಸಿ. ಎಲೈಟ್ ಚಾಂಪಿಯನ್ ಅದನ್ನು ಮುಂದಿನ ಚಾಂಪಿಯನ್‌ಶಿಪ್‌ವರೆಗೆ ಆ ಬಗೆಯ ರೇಸುಗಳಲ್ಲಿ ಹಾಕಿಕೊಳ್ಳುತ್ತಾನೆ.

ಜೂನಿಯರ್‌ಗಳಿಗೆ ಮೊದಲು ಗೇರಿನ ಮಿತಿಯೂ ಇತ್ತು. ಪೆಡಲ್ ಒಂದು ಸುತ್ತು ತಿರುಗಿದರೆ ಸೈಕಲ್ 7.93 ಮೀಟರ್‌ಗಿಂತ ಹೆಚ್ಚು ಮುಂದೆ ಹೋಗಬಾರದು. ಸೈಕಲ್ ಉರುಳಿಸಿ ಟೇಪ್ ಹಿಡಿದು ಅಳೆಯೋರು. ಬೆಳೆಯುವ ಮೊಣಕಾಲಿಗೆ ಭಾರ ಬೀಳದಿರಲಿ, ಹುಡುಗರು ಕಾಲು ಚುರುಕಾಗಿ ತಿರುಗಿಸುವುದನ್ನು ಕಲಿಯಲಿ ಎಂಬ ಉದ್ದೇಶ. 2023ರಿಂದ ಯುಸಿಐ ಅದನ್ನು ತೆಗೆದುಹಾಕಿತು. ನಿಯಮ ಹೋಗಿರಬಹುದು, ಮೊಣಕಾಲು ಬದಲಾಗಿಲ್ಲ ಅನ್ನುವುದು ಈ ಬರಹಗಾರನ ಅಭಿಪ್ರಾಯ.

ವಯಸ್ಸಿನ ಈ ಲೆಕ್ಕದ ಹಿಂದೆ ಒಂದು ನೋವೂ ಇದೆ. 2024ರಲ್ಲಿ ಜ್ಯೂರಿಕ್‌ನ ಜೂನಿಯರ್ ಹುಡುಗಿಯರ ರೇಸ್ ಮಳೆಯಲ್ಲಿ ನಡೆಯಿತು. ಸ್ವಿಟ್ಜರ್ಲೆಂಡ್‌ನ 18 ವರ್ಷದ ಮುರಿಯಲ್ ಫುರ್ರರ್ ಕಾಡಿನ ನಡುವಿನ ಇಳಿಜಾರಿನಲ್ಲಿ ಬಿದ್ದಳು. ಬಿದ್ದದ್ದು ಬಹಳ ಹೊತ್ತು ಯಾರಿಗೂ ಗೊತ್ತಾಗಲಿಲ್ಲ. ಈ ಚಾಂಪಿಯನ್‌ಶಿಪ್‌ನಲ್ಲಿ ಸವಾರರಿಗೂ ತಂಡಕ್ಕೂ ನಡುವೆ ರೇಡಿಯೋ ಇರಲ್ಲ. ಹೆಲಿಕಾಪ್ಟರ್‌ನಲ್ಲಿ ಆಸ್ಪತ್ರೆಗೆ ಸಾಗಿಸಿದರೂ ಮರುದಿನ ತೀರಿಕೊಂಡಳು. ಮರುವರ್ಷ ಕಿಗಾಲಿಯಲ್ಲಿ ಪ್ರತಿ ಸವಾರರ ಸೈಕಲ್‌ಗೂ ಜಿಪಿಎಸ್ ಟ್ರ್ಯಾಕರ್ ಇತ್ತು. ಯಾರಾದರೂ ದಿಢೀರ್ ನಿಂತರೆ ಎಲ್ಲಿ ಅಂತ ತಿಳಿಯಲಿ ಎಂದು. ಅಷ್ಟು ಸಣ್ಣ ಡಬ್ಬಿ ಒಂದು ವರ್ಷ ಮೊದಲೇ ಇದ್ದಿದ್ದರೆ ಅಂತ ಯಾರಿಗಾದರೂ ಅನ್ನಿಸದೇ ಇರದು.

ಇನ್ನು ಅಂಗಡಿಕಾರರಿಗೆ ಒಂದು ಮಾತು. ಎಂಟು ದಿನ ರೇಸ್ ನಡೆಯಬೇಕಾದರೆ ಊರಿನ ಮುಖ್ಯ ರಸ್ತೆಗಳನ್ನೇ ಬಂದ್ ಮಾಡಬೇಕು. ಕಿಗಾಲಿಯಲ್ಲಿ ಆ ವಾರ ಶಾಲೆಗಳಿಗೆ ರಜೆ ಕೊಟ್ಟರು, ಸರ್ಕಾರಿ ನೌಕರರಲ್ಲಿ ಸಾಧ್ಯವಿದ್ದವರಿಗೆ ಮನೆಯಿಂದಲೇ ಕೆಲಸ ಮಾಡಿ ಎಂದರು. ಜನ ಮಾತ್ರ ರಸ್ತೆಯ ಎರಡೂ ಬದಿ ಕಿಕ್ಕಿರಿದು ನಿಂತಿದ್ದರು. ಆಫ್ರಿಕಾದಲ್ಲಿ ಈ ಚಾಂಪಿಯನ್‌ಶಿಪ್ ನಡೆದದ್ದು ಅದೇ ಮೊದಲು.

2026ರ ಚಾಂಪಿಯನ್‌ಶಿಪ್ ನಿಗದಿಯಾಗಿರುವುದು ಸೆಪ್ಟೆಂಬರ್ 20ರಿಂದ 27ರವರೆಗೆ ಕೆನಡಾದ ಮಾಂಟ್ರಿಯಲ್‌ನಲ್ಲಿ. ಕಿಗಾಲಿಯಲ್ಲಿ ಎಲೈಟ್ ಮಹಿಳೆಯರ ರೇಸ್ ಗೆದ್ದ ಮ್ಯಾಗ್ಡಲೀನ್ ವ್ಯಾಲಿಯರ್ ಕೆನಡಾದವರೇ. ಆ ವರ್ಷಕ್ಕೆ ಜೂನಿಯರ್ ಅಂದ್ರೆ 2008 ಮತ್ತು 2009ರಲ್ಲಿ ಹುಟ್ಟಿದವರು. 2007ರವರು, ಡಿಸೆಂಬರ್ 31ರ ರಾತ್ರಿ ಹುಟ್ಟಿದವರೂ ಸೇರಿ, ಮೇಲಿನ ಗುಂಪಿಗೆ.