ಕೆಸರುಹಾದಿಯ ಟೈರು ಹೆದ್ದಾರಿಗೆ ಒಗ್ಗುವುದೇ?

ಸಕಲೇಶಪುರದ ಆಸುಪಾಸಿನ ಕಾಫಿ ತೋಟಗಳಲ್ಲಿ ದುಡಿಯುವ ಪಿಕಪ್ ಲಾರಿಯದು ಎರಡು ಬಗೆಯ ಬಾಳು. ಆಷಾಢದ ಮಳೆಯಲ್ಲಿ ಅದು ಗೊಬ್ಬರದ ಮೂಟೆಗಳನ್ನು ಹೊತ್ತು, ಕೆಂಪು ಕೆಸರಿನ ಏರುಹಾದಿಯನ್ನು ಹತ್ತಬೇಕು. ಅದೇ ಮಧ್ಯಾಹ್ನ ರಾಷ್ಟ್ರೀಯ ಹೆದ್ದಾರಿ ೭೫ನ್ನು ಸೇರಿ ಹಾಸನದ ಕಡೆಗೆ ಗಂಟೆಗೆ ೮೦ ಕಿಲೋಮೀಟರು ವೇಗದಲ್ಲಿ ಓಡಬೇಕು. ಇಲ್ಲವೆ ಶಿರಾಡಿ ಘಾಟಿಯ ತಿರುವುಗಳನ್ನಿಳಿದು ಮಂಗಳೂರನ್ನು ಮುಟ್ಟಬೇಕು. ಹಾದಿಗಳು ಎರಡು ಬಗೆ. ಗಾಲಿಗಳು ಮಾತ್ರ ಅವೇ ನಾಲ್ಕು.

ಇಂತಹ ತೋಟವೊಂದರಿಂದ ಕಾಲೇಜಿಗೆ ಬರುವ ವಿದ್ಯಾರ್ಥಿಯೊಬ್ಬನು ಕಳೆದ ಮಳೆಗಾಲಕ್ಕೆ ಮುಂಚೆ ನಮ್ಮನ್ನು ಹೀಗೆ ಕೇಳಿದನು: "ನಮ್ಮ ಗಾಡಿಯ ಟೈರುಗಳು ಸವೆದಿವೆ. ಕೆಸರಿಗೆಂದೇ ಮಾಡಿದ ದೊಡ್ಡ ಹಲ್ಲಿನ ಟೈರುಗಳನ್ನು ಹಾಕಿಸಬೇಕೆಂದು ತಂದೆಯವರು ಯೋಚಿಸಿದ್ದಾರೆ. ಕೆಸರಿನಲ್ಲಿಯೇ ಹಿಡಿತ ಕೊಡುವ ಟೈರು ಡಾಂಬರಿನ ಮೇಲೆ ಇನ್ನೂ ಹೆಚ್ಚು ಹಿಡಿತ ಕೊಡಬೇಕಲ್ಲವೆ?" ಪ್ರಶ್ನೆ ಸಹಜವಾದುದು. ಆದರೆ ಉತ್ತರ "ಅಲ್ಲ" ಎಂಬುದೇ. ಅದೇಕೆಂಬುದನ್ನು ಇಲ್ಲಿ ವಿಚಾರಮಾಡೋಣ. ವಿಷಯವು ಅಂಗಡಿಯ ವ್ಯಾಪಾರಕ್ಕೆ ಮಾತ್ರ ಸಂಬಂಧಿಸಿದುದಲ್ಲ. ಗಾಡಿಯಲ್ಲಿ ಕುಳಿತವರ ಪ್ರಾಣಕ್ಕೂ ಸಂಬಂಧಿಸಿದುದು.

ಭಾರವನ್ನು ಹೊರುವುದು ಗಾಳಿ

ಗಾಳಿ ತುಂಬಿದ ಟೈರಿಗೆ ಮೊದಲು ಪೇಟೆಂಟು ಪಡೆದವನು ಸ್ಕಾಟ್ಲೆಂಡಿನ ರಾಬರ್ಟ್ ವಿಲಿಯಂ ಥಾಮ್ಸನ್, ಅದು ೧೮೪೫ರಲ್ಲಿ. ಆ ಕಾಲಕ್ಕೆ ಅದು ಬಳಕೆಗೆ ಬರಲಿಲ್ಲ. ೧೮೮೮ರಲ್ಲಿ ಬೆಲ್‌ಫಾಸ್ಟ್ ನಗರದ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್ ಅದನ್ನು ಮತ್ತೆ ಕಂಡುಹಿಡಿದು ಪೇಟೆಂಟು ಪಡೆದ ಮೇಲೆ ಅದರ ಪ್ರಚಾರವಾಯಿತು. ಇಬ್ಬರ ಕಲ್ಪನೆಯೂ ಒಂದೇ: ಗಾಡಿಯ ಭಾರವನ್ನು ಬಹುಮಟ್ಟಿಗೆ ಹೊರಬೇಕಾದುದು ರಬ್ಬರಲ್ಲ, ಒಳಗೆ ಅದುಮಿಟ್ಟ ಗಾಳಿ.

ಇದರಿಂದ ಒಂದು ಸುಲಭವಾದ ಲೆಕ್ಕ ದೊರೆಯುವುದು. ನಮ್ಮ ಪಿಕಪ್ಪಿನ ಒಟ್ಟು ತೂಕ ೨೦೦೦ ಕಿಲೋಗ್ರಾಂ ಎಂದೂ, ಅದು ನಾಲ್ಕು ಗಾಲಿಗಳ ಮೇಲೆ ಸಮನಾಗಿ ಹಂಚಿದೆಯೆಂದೂ ಇಟ್ಟುಕೊಳ್ಳೋಣ. ಒಂದು ಗಾಲಿಯ ಪಾಲು ೫೦೦ ಕಿಲೋಗ್ರಾಂ. ಟೈರಿನೊಳಗಿನ ಒತ್ತಡವು ಚದರ ಅಂಗುಲಕ್ಕೆ ೩೫ ಪೌಂಡು, ಅಂದರೆ ಚದರ ಸೆಂಟಿಮೀಟರಿಗೆ ಸುಮಾರು ೨.೪೬ ಕಿಲೋಗ್ರಾಂ. ನೆಲಕ್ಕೆ ತಗಲುವ ಭಾಗದ ಒತ್ತಡವೂ ಸುಮಾರಾಗಿ ಇಷ್ಟೇ ಇರುವುದರಿಂದ, ೫೦೦ನ್ನು ೨.೪೬ರಿಂದ ಭಾಗಿಸಿದರೆ ೨೦೩ ಚದರ ಸೆಂಟಿಮೀಟರು ಬರುವುದು. ನಾಲ್ಕು ಗಾಲಿಗಳಿಗೂ ಸೇರಿ ೮೦೦ ಚದರ ಸೆಂಟಿಮೀಟರಿಗೆ ಸ್ವಲ್ಪ ಮೇಲೆ. ಹೆಚ್ಚುಕಡಿಮೆ ತೆರೆದಿಟ್ಟ ಮಾಸಪತ್ರಿಕೆಯ ಎರಡು ಪುಟಗಳಷ್ಟು ಜಾಗ! ಓಡುವುದು, ತಿರುಗುವುದು, ನಿಲ್ಲುವುದು, ಎಲ್ಲವೂ ನಡೆಯಬೇಕಾದುದು ಇಷ್ಟು ಜಾಗದ ಮೂಲಕವೇ. ಟೈರಿನ ಆಯ್ಕೆಯೆಂದರೆ ಈ ಎರಡು ಪುಟಗಳ ಮೇಲೆ ಏನನ್ನು ಬರೆಯಬೇಕೆಂಬುದರ ಆಯ್ಕೆ.

ಕೆಸರಿನ ಗುಣ

ಗಾಡಿ ಕೆಸರಿನಲ್ಲಿ ಜಾರಿದಾಗ ರಬ್ಬರು ಮಣ್ಣಿನ ಮೇಲೆ ಜಾರಿತೆಂದು ನಾವು ಭಾವಿಸುವೆವು. ಅನೇಕ ವೇಳೆ ನಡೆಯುವುದು ಬೇರೆ. ಜಾರುವುದು ಮಣ್ಣಿನ ಒಂದು ಪದರ, ಅದರ ಕೆಳಗಣ ಇನ್ನೊಂದು ಪದರದ ಮೇಲೆ. ನೀರು ಹೊಕ್ಕ ಜೇಡಿಯ ಕಣಗಳು ಒಂದನ್ನೊಂದು ಬಿಗಿಯಾಗಿ ಹಿಡಿದುಕೊಂಡಿರುವುದಿಲ್ಲ. ಆದ್ದರಿಂದ ಟೈರಿಗೆ ದೊಡ್ಡ ಹಲ್ಲುಗಳು ಬೇಕು. ಅವು ದನದ ಗೊರಸಿನಂತೆ ಕೆಳಗಿಳಿದು, ಸ್ವಲ್ಪ ಗಟ್ಟಿಯಾದ ಪದರವನ್ನು ಮುಟ್ಟಿ, ಮಣ್ಣಿನ ದಪ್ಪವಾದ ಹೆಂಟೆಯನ್ನೇ ಹಿಂದಕ್ಕೆ ನೂಕುವುವು. ಆ ನೂಕುವಿಕೆಯ ಪ್ರತಿಕ್ರಿಯೆಯೇ ಗಾಡಿಯನ್ನು ಮುಂದಕ್ಕೆ ಒಯ್ಯುವುದು.

ಹಲ್ಲುಗಳಷ್ಟೇ ಮುಖ್ಯವಾದುದು ಅವುಗಳ ನಡುವಣ ಬರಿದು ಜಾಗ. ಅದರಲ್ಲಿ ಕೆಸರು ಮೆತ್ತಿಕೊಂಡು ನಿಂತರೆ ಟೈರು ಒನಕೆಯಂತೆ ನುಣ್ಣಗಾಗುವುದು. ಸಂದು ಅಗಲವಾಗಿದ್ದರೆ, ತಿರುಗುವ ಗಾಲಿಯು ಕೆಸರನ್ನು ತಾನೇ ಎಸೆದುಬಿಡುವುದು. ಟೈರಿನ ಅಂಚಿನ ವೇಗ ಸೆಕೆಂಡಿಗೆ ೫ ಮೀಟರು, ಅದರ ತ್ರಿಜ್ಯ ೦.೩೫ ಮೀಟರು ಎಂದಿಟ್ಟುಕೊಂಡರೆ, ವೇಗದ ವರ್ಗವನ್ನು ತ್ರಿಜ್ಯದಿಂದ ಭಾಗಿಸಿದಾಗ ಗುರುತ್ವದ ೭ರಷ್ಟು ವೇಗೋತ್ಕರ್ಷ ಬರುವುದು. ಅಗಲವಾದ ಸಂದಿನಲ್ಲಿ ಅಂಟಿದ ಕೆಸರು ಇದನ್ನು ತಡೆದುಕೊಳ್ಳಲಾರದು. ಕಿರಿದಾದ ಸಂದಿನ ಜೇಡಿಮಣ್ಣು ತಡೆದುಕೊಳ್ಳಬಹುದು. ಹೆದ್ದಾರಿಯ ಟೈರು ತೋಟದಲ್ಲಿ ಸೋಲುವುದು ಇಲ್ಲಿಯೇ.

ಡಾಂಬರಿನ ಗುಣ

ಡಾಂಬರು ರಸ್ತೆಯಲ್ಲಿ ಕಥೆ ತಿರುವುಮುರುವಾಗುವುದು. ಅಲ್ಲಿ ಹಲ್ಲು ಇಳಿಯುವುದಕ್ಕೆ ಎಡೆಯಿಲ್ಲ. ರಬ್ಬರು ತಾನೇ ಮೆತ್ತಗಾಗಿ ರಸ್ತೆಯ ಸಣ್ಣ ಸಣ್ಣ ಉಬ್ಬುತಗ್ಗುಗಳನ್ನು ಅಪ್ಪಿಕೊಳ್ಳಬೇಕು.

ಇಲ್ಲಿ ವಿದ್ಯಾರ್ಥಿಗಳಿಗೆ ಒಂದು ಸಂದೇಹ ಬರಬಹುದು. ಘರ್ಷಣೆಯು ತಗಲುವ ಕ್ಷೇತ್ರವನ್ನು ಅವಲಂಬಿಸಿಲ್ಲವೆಂದು ಪಠ್ಯಪುಸ್ತಕಗಳು ಹೇಳುತ್ತವೆ. ಫ್ರಾನ್ಸಿನ ಅಮೊಂತಾನ್ ೧೬೯೯ರಲ್ಲಿ ತಿಳಿಸಿದ ಈ ನಿಯಮ ಮರ, ಲೋಹ ಮುಂತಾದ ಗಟ್ಟಿ ವಸ್ತುಗಳಿಗೆ ಚೆನ್ನಾಗಿ ಹೊಂದುವುದು. ರಬ್ಬರು ಮಾತ್ರ ಈ ನಿಯಮಕ್ಕೆ ಪೂರ್ತಿಯಾಗಿ ಬಗ್ಗುವುದಿಲ್ಲ. ಅದರ ಹಿಡಿತಕ್ಕೆ ಕಾರಣಗಳು ಎರಡು. ಒಂದು, ರಬ್ಬರಿನ ಅಣುಗಳು ರಸ್ತೆಯ ಮೈಗೆ ಕ್ಷಣಕಾಲ ಅಂಟಿಕೊಳ್ಳುವುದು. ಇನ್ನೊಂದು, ಉಬ್ಬುತಗ್ಗುಗಳ ಮೇಲೆ ಹಾಯುವಾಗ ರಬ್ಬರು ಅದುಮಿ ಹಿಗ್ಗುವುದು. ಹಿಗ್ಗುವಾಗ ಅದು ಕೊಂಡ ಶಕ್ತಿಯನ್ನೆಲ್ಲ ಹಿಂದಕ್ಕೆ ಕೊಡದೆ ಒಂದಂಶವನ್ನು ಶಾಖವಾಗಿ ಕಳೆಯುವುದರಿಂದ, ಜಾರುವಿಕೆಗೆ ತಡೆಯುಂಟಾಗುವುದು. ಎರಡಕ್ಕೂ ರಸ್ತೆಯನ್ನು ನಿಜವಾಗಿ ಮುಟ್ಟುವ ರಬ್ಬರು ಬೇಕು. ಕೆಸರಿನ ಟೈರಿನಲ್ಲಿ ಬರಿದು ಜಾಗ ಹೆಚ್ಚಾದಷ್ಟೂ ಮುಟ್ಟುವ ರಬ್ಬರು ಕಡಿಮೆ. ಮೇಲಾಗಿ ಎತ್ತರವಾದ ಹಲ್ಲುಗಳು ಬ್ರೇಕು ಹಾಕಿದಾಗ ಬಾಗಿ ಬಳುಕುವುವು. ಕಲ್ಲು ಬೇರುಗಳಿಗೆ ಹರಿಯದಂತೆ ಗಟ್ಟಿಯಾಗಿ ಮಾಡಿದ ರಬ್ಬರಾದರೆ ಅದು ರಸ್ತೆಯನ್ನು ಅಪ್ಪಿಕೊಳ್ಳುವುದೂ ಕಡಿಮೆಯೇ.

ಮಳೆ ಬಂದಾಗ ರಸ್ತೆಯ ಮೇಲೆ ತೆಳುವಾದ ನೀರಿನ ಪದರ ಉಳಿಯುವುದು. ಕೆಸರು ಟೈರಿನ ಅಗಲವಾದ ಸಂದುಗಳು ಹೆಚ್ಚಿನ ನೀರನ್ನು ಚೆನ್ನಾಗಿಯೇ ಹೊರಕ್ಕೆ ಸಾಗಿಸುವುವು. ಆದರೆ ಹಲ್ಲಿನ ಕೆಳಗೇ ಉಳಿದ ತೆಳುಪದರವನ್ನು ಒರೆಸಿಹಾಕಲು ಹಲ್ಲಿನ ಮೈಮೇಲೆ ಸಣ್ಣ ಸೀಳುಗಳು ಬೇಕು. ಹೆದ್ದಾರಿಯ ಟೈರಿನಲ್ಲಿ ಇವು ಹೇರಳವಾಗಿರುವುವು. ಕೆಸರಿನ ಟೈರಿನಲ್ಲಿ ಅಪರೂಪ.

ಹದಿನಾಲ್ಕು ಮೀಟರುಗಳ ಅಂತರ

ಈ ವ್ಯತ್ಯಾಸದ ಬೆಲೆ ಎಷ್ಟು? ಗಂಟೆಗೆ ೮೦ ಕಿಲೋಮೀಟರೆಂದರೆ ಸೆಕೆಂಡಿಗೆ ೨೨.೨ ಮೀಟರು. ಬ್ರೇಕು ಹಿಡಿದ ಮೇಲೆ ಗಾಡಿ ಕ್ರಮಿಸುವ ದೂರ, ವೇಗದ ವರ್ಗವನ್ನು ಘರ್ಷಣಾಂಕ ಮತ್ತು ಗುರುತ್ವಗಳ ಗುಣಲಬ್ಧದ ಎರಡರಷ್ಟರಿಂದ ಭಾಗಿಸಿದಷ್ಟು. ಉದಾಹರಣೆಗಾಗಿ, ತೊಯ್ದ ರಸ್ತೆಯಲ್ಲಿ ಒಂದು ಟೈರಿನ ಘರ್ಷಣಾಂಕ ೦.೭ ಎಂದೂ, ಇನ್ನೊಂದರದು ೦.೫ ಎಂದೂ ಇಟ್ಟುಕೊಳ್ಳೋಣ. ಮೊದಲ ಗಾಡಿ ೩೬ ಮೀಟರಿನಲ್ಲಿ ನಿಲ್ಲುವುದು. ಎರಡನೆಯದಕ್ಕೆ ೫೦ ಮೀಟರಿಗೂ ಹೆಚ್ಚು ಬೇಕು.

ಹದಿನಾಲ್ಕು ಮೀಟರು ತಾನೆ ಎಂದು ಯಾರಾದರೂ ಹೇಳಬಹುದು. ಹಾಗಾದರೆ ಇನ್ನೊಂದು ಬಗೆಯಲ್ಲಿ ಕೇಳೋಣ: ಮೊದಲ ಗಾಡಿ ನಿಂತ ಜಾಗದಲ್ಲಿ ಎರಡನೆಯ ಗಾಡಿಯ ವೇಗವೆಷ್ಟು? ಅದೇ ಸೂತ್ರದಿಂದ ಗಂಟೆಗೆ ಸುಮಾರು ೪೩ ಕಿಲೋಮೀಟರು ಎಂದು ತಿಳಿಯುವುದು. ಘಾಟಿಯ ತಿರುವಿನಾಚೆ ಕೆಟ್ಟುನಿಂತ ಲಾರಿಯೋ, ರಸ್ತೆ ದಾಟುವ ಮಗುವೋ ಇದ್ದರೆ, ಒಬ್ಬ ಚಾಲಕನು ಬೆವರೊರೆಸಿಕೊಂಡು ಮುಂದೆ ಹೋಗುವನು. ಇನ್ನೊಬ್ಬನು ೪೩ ಕಿಲೋಮೀಟರು ವೇಗದಲ್ಲಿ ಹಾಯುವನು.

ಒತ್ತಡವನ್ನು ಮರೆತರೆ

ಕೆಸರಿನಲ್ಲಿ ಹಿಡಿತ ಹೆಚ್ಚಿಸಲು ಖರ್ಚಿಲ್ಲದ ಉಪಾಯವೊಂದುಂಟು: ಟೈರಿನ ಗಾಳಿಯನ್ನು ಸ್ವಲ್ಪ ಬಿಡುವುದು. ಭಾರವಾದ ಹೊರೆಯಿಲ್ಲದ ಗಾಡಿಯಲ್ಲಿ ೩೫ ಪೌಂಡಿನ ಒತ್ತಡವನ್ನು ೧೮ಕ್ಕಿಳಿಸಿದರೆ ತಗಲುವ ಕ್ಷೇತ್ರ ಹೆಚ್ಚುಕಡಿಮೆ ಇಮ್ಮಡಿಯಾಗುವುದು. ಕೆಸರಿನ ಮೇಲೆ ಹಲಗೆ ಹಾಸಿ ನಡೆದಂತೆ ಗಾಡಿ ಹೂಳದೆ ಸಾಗುವುದು. ಆದರೆ ನಿಧಾನವಾಗಿ ಮಾತ್ರ ನಡೆಸಬೇಕು. ಹೊರೆ ತುಂಬಿದಾಗ ಈ ಉಪಾಯ ಸಲ್ಲದು.

ಮತ್ತೆ ಗಾಳಿ ತುಂಬದೆ ಹೆದ್ದಾರಿಗೆ ಏರಿದರೆ ಎರಡು ಅಪಾಯಗಳುಂಟು. ಮೊದಲನೆಯದಾಗಿ, ಮೆತ್ತಗಿನ ಟೈರು ಪ್ರತಿಯೊಂದು ಸುತ್ತಿನಲ್ಲಿಯೂ ಹೆಚ್ಚಾಗಿ ಬಾಗಿ ಬಿಸಿಯೇರುವುದು. ಕಡೆಗೆ ಅದರ ಪದರಗಳು ಬಿಟ್ಟುಹೋಗಬಹುದು. ಎರಡನೆಯದು ನೀರಿನ ಮೇಲೆ ತೇಲುವುದು. ನುಗ್ಗುವ ಟೈರಿನ ಮುಂದೆ ನೀರಿನ ಒತ್ತಡವು ವೇಗದ ವರ್ಗದಂತೆ ಏರುವುದು. ಅದು ಟೈರು ನೆಲವನ್ನು ಒತ್ತುವ ಒತ್ತಡಕ್ಕೆ ಸಾಟಿಯಾದಾಗ ಟೈರು ರಸ್ತೆಯನ್ನು ಬಿಟ್ಟು ದೋಣಿಯಂತೆ ತೇಲುವುದು. ಆಗ ಚುಕ್ಕಾಣಿಯೂ ಬ್ರೇಕೂ ನಿಷ್ಪ್ರಯೋಜಕ. ಅಮೆರಿಕದ ನಾಸಾ ಸಂಸ್ಥೆಯ ಹೋರ್ನ್ ಮತ್ತು ಡ್ರೆಹರ್ ಎಂಬವರು ೧೯೬೩ರಲ್ಲಿ ಪ್ರಕಟಿಸಿದ ವರದಿಯ ಸೂತ್ರದಂತೆ, ಟೈರಿನ ಒತ್ತಡದ ವರ್ಗಮೂಲವನ್ನು ೧೬.೭ರಿಂದ ಗುಣಿಸಿದರೆ ತೇಲುವ ವೇಗ ಗಂಟೆಗೆ ಕಿಲೋಮೀಟರುಗಳಲ್ಲಿ ಸಿಗುವುದು. ಟೈರು ಸವೆದು ನುಣ್ಣಗಾಗಿರುವಾಗ, ಅಥವಾ ಅದರ ಸಂದುಗಳು ಸಾಗಿಸಲಾರದಷ್ಟು ನೀರು ನಿಂತಿರುವಾಗ ಈ ಸೂತ್ರ ಅನ್ವಯಿಸುವುದು. ೩೫ ಪೌಂಡಿಗೆ ಅದು ಸುಮಾರು ೯೯. ೧೮ ಪೌಂಡಿಗೆ ೭೧ ಮಾತ್ರ! ಗಾಳಿ ತುಂಬುವ ಸಣ್ಣ ಪಂಪೊಂದನ್ನು ಗಾಡಿಯಲ್ಲಿಟ್ಟುಕೊಳ್ಳದವನು ಗಾಳಿಯನ್ನು ಬಿಡಲೂ ಕೂಡದು.

ಹಾಗಾದರೆ ಯಾವುದನ್ನು ಆರಿಸಬೇಕು?

ಮಾರುಕಟ್ಟೆಯಲ್ಲಿ ಸಾಮಾನ್ಯವಾಗಿ ಮೂರು ಬಗೆಗಳುಂಟು. ಎಚ್.ಟಿ. ಎಂಬುದು ಹೆದ್ದಾರಿಯ ಟೈರು, ಎಂ.ಟಿ. ಎಂಬುದು ಕೆಸರಿನದು, ಇವುಗಳ ನಡುವಣದು ಎ.ಟಿ., ಅಂದರೆ ಎಲ್ಲ ನೆಲಕ್ಕೂ ಒಂದಿಷ್ಟು ಸಲ್ಲುವಂತಹುದು. ಮೂರರಲ್ಲಿ ಯಾವುದೂ ಎಲ್ಲದರಲ್ಲಿಯೂ ಮೇಲಲ್ಲ. ಒಂದು ಕಡೆ ಗಳಿಸಿದುದನ್ನು ಇನ್ನೊಂದು ಕಡೆ ತೆರಲೇಬೇಕು.

ಆದ್ದರಿಂದ ಕೇಳಬೇಕಾದ ಪ್ರಶ್ನೆ ಯಾವ ಟೈರು ಒಳ್ಳೆಯದೆಂಬುದಲ್ಲ. ಯಾವ ಹಾದಿಯಲ್ಲಿ ಸೋತರೆ ನಷ್ಟ ಹೆಚ್ಚು ಎಂಬುದು. ತೋಟದ ಕೆಸರಿನಲ್ಲಿ ಸೋತರೆ ಒಂದು ಗಂಟೆ ಹೊತ್ತು ಹೋಗುವುದು. ಟ್ರಾಕ್ಟರು ಬಂದು ಎಳೆಯುವುದು. ಹೆದ್ದಾರಿಯಲ್ಲಿ ಸೋತುದನ್ನು ಎಳೆದು ಸರಿಪಡಿಸಲು ಯಾವ ಟ್ರಾಕ್ಟರೂ ಇಲ್ಲ. ಓಟದ ಬಹುಪಾಲು ಡಾಂಬರಿನ ಮೇಲಾಗಿ, ಕೆಸರು ಒಂದೆರಡು ಮೈಲಿಯಷ್ಟೇ ಇದ್ದರೆ ಎ.ಟಿ. ಟೈರೇ ತಕ್ಕುದು. ಗಾಡಿ ತೋಟವನ್ನು ಬಿಟ್ಟು ಹೊರಡುವುದೇ ಅಪರೂಪವಾದರೆ ಎಂ.ಟಿ. ಹಾಕಿಸಬಹುದು, ಆದರೆ ಹೆದ್ದಾರಿಯಲ್ಲಿ ವೇಗವನ್ನು ತಗ್ಗಿಸಬೇಕು. ನಮ್ಮ ಮೇಲಿನ ಉದಾಹರಣೆಯಲ್ಲಿ, ಎರಡನೆಯ ಗಾಡಿಯೂ ೩೬ ಮೀಟರಿನಲ್ಲಿ ನಿಲ್ಲಬೇಕಾದರೆ ಅದು ೮೦ರ ಬದಲು ೬೮ ಕಿಲೋಮೀಟರು ವೇಗದಲ್ಲಿ ಬರುತ್ತಿರಬೇಕು.

ಟೈರಿನ ಪಕ್ಕೆಯ ಮೇಲಣ ಬರಹವನ್ನೂ ಓದಲು ಕಲಿಯಬೇಕು. "೨೧೫/೭೫ ಆರ್ ೧೫" ಎಂದಿದ್ದರೆ ಅಗಲ ೨೧೫ ಮಿಲಿಮೀಟರು, ಪಕ್ಕೆಯ ಎತ್ತರ ಅದರ ಶೇಕಡ ೭೫, ಒಳಗಣ ಚಕ್ರದ ವ್ಯಾಸ ೧೫ ಅಂಗುಲ. "ಆರ್" ಎಂಬುದು ಟೈರಿನೊಳಗಣ ಎಳೆಗಳು ಅಡ್ಡಲಾಗಿ ಸಾಗುವ ರೇಡಿಯಲ್ ರಚನೆಯ ಗುರುತು. ಇದರ ಪೂರ್ಣ ವ್ಯಾಸ ೭೦೩.೫ ಮಿಲಿಮೀಟರು. ಚೆಲುವಿಗಾಗಿ ೨೩೫/೭೫ ಆರ್ ೧೫ ಹಾಕಿಸಿದರೆ ವ್ಯಾಸ ೭೩೩.೫ ಆಗುವುದು, ವೇಗಮಾಪಕವು ೮೦ ತೋರಿಸುವಾಗ ಗಾಡಿ ನಿಜವಾಗಿ ೮೩ಕ್ಕೂ ಹೆಚ್ಚು ಓಡುತ್ತಿರುವುದು. ಬಳಿಕ ಬರುವ ಅಂಕೆ ಹೊರೆಯದು: ೧೦೦ ಎಂದರೆ ಒಂದು ಟೈರಿಗೆ ೮೦೦ ಕಿಲೋಗ್ರಾಂ, ೧೧೨ ಎಂದರೆ ೧೧೨೦. ತಯಾರಕರು ಗಾಡಿಗೆ ಗೊತ್ತುಮಾಡಿದುದಕ್ಕಿಂತ ಇದು ಕಡಿಮೆಯಿರಕೂಡದು. ತಯಾರಾದ ಕಾಲವನ್ನು ನಾಲ್ಕು ಅಂಕೆಗಳು ತಿಳಿಸುವುವು: ೨೩೧೯ ಎಂದಿದ್ದರೆ ೨೦೧೯ನೆಯ ಇಸವಿಯ ೨೩ನೆಯ ವಾರ.

ನಮ್ಮ ವಿದ್ಯಾರ್ಥಿಯ ಮನೆಯವರು ಈ ಲೆಕ್ಕವನ್ನೆಲ್ಲ ನೋಡಿ ಎ.ಟಿ. ಟೈರನ್ನೇ ಹಾಕಿಸಿದರು. ಆ ಮಳೆಗಾಲದಲ್ಲಿ ಗಾಡಿ ಎರಡು ಸಲ ಹೂತಿತೆಂದೂ, ತಂದೆಯವರು ಎರಡು ಸಲವೂ ಭೌತಶಾಸ್ತ್ರವನ್ನು ಬೈದರೆಂದೂ ಅವನು ಬಂದು ಹೇಳಿದನು. ಆ ಬೈಗುಳನ್ನು ನಾವು ಸಂತೋಷದಿಂದಲೇ ಸ್ವೀಕರಿಸಿದೆವು.

ವಾಚಕರು ಮನೆಯಲ್ಲಿಯೇ ಮಾಡಬಹುದಾದ ಒಂದು ಪ್ರಯೋಗವನ್ನು ಹೇಳಿ ಮುಗಿಸುವೆವು. ಹಿರಿಯರ ನೆರವಿನಿಂದ, ಸಮನೆಲದಲ್ಲಿ ನಿಂತ ಗಾಡಿಯ ಒಂದು ಗಾಲಿಯನ್ನು ಜಾಕಿನಿಂದ ಎತ್ತಿಸಿ, ಅದರ ತಳಕ್ಕೆ ಒದ್ದೆ ಸುಣ್ಣವನ್ನು ಬಳಿದು, ಕೆಳಗೆ ಕಪ್ಪು ಕಾಗದವಿಟ್ಟು ಇಳಿಸಿರಿ. ಮತ್ತೆ ಎತ್ತಿಸಿ ಕಾಗದವನ್ನು ತೆಗೆಯಿರಿ. ಮೂಡಿದ ಗುರುತಿನ ಹೊರ ಅಂಚಿನೊಳಗಣ ಕ್ಷೇತ್ರವನ್ನು ಚೌಕಗಳಿಂದ ಅಳೆದು, ಟೈರಿನ ಒತ್ತಡದಿಂದ ಗುಣಿಸಿರಿ. ಆ ಗಾಲಿಯ ಮೇಲಣ ತೂಕ ಸುಮಾರಾಗಿ ದೊರೆಯುವುದು. ಅನಂತರ ಆ ಗುರುತನ್ನೇ ಒಮ್ಮೆ ದಿಟ್ಟಿಸಿ ನೋಡಿರಿ: ಅದರಲ್ಲಿ ಸುಣ್ಣ ಹತ್ತಿದ ಭಾಗವೆಷ್ಟು, ಬರಿದಾದ ಭಾಗವೆಷ್ಟು? ತೊಯ್ದ ಹೆದ್ದಾರಿಯಲ್ಲಿ ನಿಮ್ಮನ್ನು ತಡೆದು ನಿಲ್ಲಿಸಬೇಕಾದುದು ಆ ಸುಣ್ಣ ಹತ್ತಿದ ಭಾಗವೇ.