ಹಾಸ್ಟೆಲ್‌ನಲ್ಲೇ ಉಳಿದ ಪಾಸ್‌ಪೋರ್ಟ್

ಚೀನಾದ ನಾನ್‌ಜಿಂಗ್‌ನಲ್ಲಿ ಎಂಬಿಬಿಎಸ್ ಓದುತ್ತಿದ್ದ ದಿನಗಳವು. ಎರಡು ತಿಂಗಳು ಖರ್ಚು ಬಿಗಿಹಿಡಿದು, ಒಂದು ಶನಿವಾರ ಮೂವರು ಗೆಳೆಯರೊಂದಿಗೆ ಶಾಂಘೈಗೆ ಹೊರಟಿದ್ದೆ. ಸುಮಾರು 300 ಕಿ.ಮೀ. ದೂರ, ಬುಲೆಟ್ ರೈಲಿಗೆ ಒಂದೂವರೆ ಗಂಟೆಯ ದಾರಿ.

ಸ್ಟೇಷನ್ ಬಾಗಿಲಲ್ಲಿ ಬ್ಯಾಗ್ ತಡಕಿದರೆ ಪಾಸ್‌ಪೋರ್ಟೇ ಇಲ್ಲ! ವಿದೇಶಿಯರಿಗೆ ಅಲ್ಲಿ ಅದಿಲ್ಲದೆ ರೈಲೂ ಇಲ್ಲ, ಹೋಟೆಲ್ ರೂಮೂ ಇಲ್ಲ. ‘ನೀವು ಹೋಗ್ರೋ’ ಎಂದೆ. ಯಾರೂ ಕದಲಲಿಲ್ಲ. ನಾನು ಹಾಸ್ಟೆಲ್‌ಗೆ ಓಡಿ ಬರುವಷ್ಟರಲ್ಲಿ ನಾಲ್ವರ ಟಿಕೆಟನ್ನೂ ಸಂಜೆಯ ರೈಲಿಗೆ ಬದಲಿಸಿ, ಕಪ್ ನೂಡಲ್ಸ್ ತಿನ್ನುತ್ತಾ ಕೂತಿದ್ದರು. ಬೈಗುಳವೂ ಧಾರಾಳವಾಗಿ ಸಿಕ್ಕಿತೆನ್ನಿ.

ಹುವಾಂಗ್‌ಪು ನದಿ ದಡದ ‘ಬಂಡ್’ ತಲುಪಿದಾಗ ರಾತ್ರಿ ಹತ್ತಾಗುತ್ತಿತ್ತು. ಎದುರು ದಡದಲ್ಲಿ ಝಗಮಗಿಸುವ ಓರಿಯಂಟಲ್ ಪರ್ಲ್ ಟವರ್. ಸೆಲ್ಫಿಗೆಂದು ಮೊಬೈಲ್ ಎತ್ತಿದೆವು, ದೀಪಗಳು ಆರಿಹೋದವು. ಸಿಕ್ಕಿದ್ದು ಒಂದೇ ಫೋಟೊ. ಅದರಲ್ಲಿ ನಾಲ್ವರ ಹಲ್ಲು ಬಿಟ್ಟರೆ ಬೇರೇನೂ ಕಾಣುವುದಿಲ್ಲ.