ಗಣಕಯಂತ್ರಕ್ಕೆ ಮಿತವ್ಯಯದ ಧ್ವನಿ ಪರಿವರ್ತಕ

ಮಲ್ಲಿಕಾರ್ಜುನ ಮನಸೂರ, ಗಂಗೂಬಾಯಿ ಹಾನಗಲ್ಲರ ಗಾಯನವನ್ನು ಅವಳಿನಗರದ ರಸಿಕರು ಇಂದು ಗಣಕಯಂತ್ರದಲ್ಲಿಯೂ ಆಲಿಸುತ್ತಾರೆ. ಅದರ ಅಂಕಿರೂಪದ ಧ್ವನಿಯನ್ನು ವಿದ್ಯುತ್ ತರಂಗವಾಗಿಸುವ ಸಾಧನವೇ ಡಿಜಿಟಲ್-ಅನಲಾಗ್ ಪರಿವರ್ತಕ, ಅಂದರೆ ಡ್ಯಾಕ್. ಬಹುತೇಕ ಮದರ್‌ಬೋರ್ಡುಗಳಲ್ಲಿ ಇದು ಇದ್ದೇ ಇರುತ್ತದೆ; ಅನಗತ್ಯ ಗುಂಯ್ ಸದ್ದು ಕೇಳದಿದ್ದರೆ ಪ್ರತ್ಯೇಕ ಖರೀದಿ ಬೇಕಿಲ್ಲ.

ಸಾಧಾರಣ ಹೆಡ್‌ಫೋನಿಗೆ ಆಪಲ್‌ನ ಪುಟ್ಟ ಯುಎಸ್‌ಬಿ-ಸಿ ಅಡಾಪ್ಟರ್ ಸಾಕು. ಹೆಚ್ಚು ಶಕ್ತಿ ಬೇಡುವ 300 ಓಮ್ ಹೆಡ್‌ಫೋನಿಗೆ ಫಿಯೊ ಕೆ11 ಯೋಗ್ಯ. ಟಾಪಿಂಗ್ ಇ30-2ರಲ್ಲಿ ಹೆಡ್‌ಫೋನ್ ಕಿಂಡಿಯೇ ಇಲ್ಲ. ಅದು ಆಂಪ್ಲಿಫೈಯರ್ ಹೊಂದಿದವರಿಗೆ ತಕ್ಕುದು.

ಸಿ.ಡಿ.ಯ ಮಟ್ಟವೇ 16 ಬಿಟ್, 44.1 ಕಿಲೋಹರ್ಟ್ಸ್, ಆಪಲ್ ಅಡಾಪ್ಟರ್ ಕೂಡ 24 ಬಿಟ್, 48 ಕಿಲೋಹರ್ಟ್ಸ್ ನಿಭಾಯಿಸುತ್ತದೆ. ಆದ್ದರಿಂದ ವರ್ತಕರು ಪೆಟ್ಟಿಗೆಯ ಮೇಲಿನ ಅಂಕಿಗಳನ್ನು ತೋರಿಸುವ ಬದಲು ಗ್ರಾಹಕರ ಹೆಡ್‌ಫೋನ್, ಸ್ಪೀಕರುಗಳನ್ನು ವಿಚಾರಿಸಿ ಮಾರುವುದು ಲೇಸು. ಗ್ರಾಹಕರ ಹಣವೂ ಅಂಗಡಿಯ ಹೆಸರೂ ಉಳಿಯುತ್ತವೆ.